ಪಂಡಿತಾ ರಮಾಬಾಯಿಯವರ ಮನೆಯ ಪ್ರಾರ್ಥನೆ



ಮಿರ್ಲೆಯ ಸುತ್ತಲಿನ ಹಳ್ಳಿಗಳಲ್ಲಿ ಸಂಜೆಯ ಹೊತ್ತು ಸಭೆಯವರ ಮನೆಗಳಿಗೆ ಹೋಗುವಾಗ ನಾನು ಎರಡು ಬಗೆಯ ಮನೆಗಳನ್ನು ಕಾಣುತ್ತೇನೆ. ಕೆಲವು ಮನೆಗಳವರು ಉಪದೇಶಿಯು ಬಂದನೆಂದು ತಿಳಿದ ಕೂಡಲೆ ಚಾಪೆಯನ್ನು ಹಾಸಿ, ಗೋಡೆಯ ಗೂಡಿನಲ್ಲಿರುವ ಸತ್ಯವೇದವನ್ನು ತೆಗೆದು ಧೂಳನ್ನು ಒರಸಿ, ಪ್ರಾರ್ಥನೆ ಮಾಡಿಕೊಡಬೇಕೆಂದು ಕೇಳಿಕೊಳ್ಳುವರು. ನೇಗಿಲನ್ನು ಮಾಡಿಕೊಡುವದು ಹೇಗೆ ಬಡಗಿಯ ಕೆಲಸವೋ ಹಾಗೆಯೇ ಪ್ರಾರ್ಥನೆಯನ್ನು ಮಾಡಿಕೊಡುವದು ಉಪದೇಶಿಯ ಕೆಲಸವೆಂಬದು ಅವರ ಎಣಿಕೆ. ಇನ್ನು ಕೆಲವರು ತಾವೇ ಪ್ರಾರ್ಥಿಸುವರು. ಆದರೆ ಮೊದಲು ಬೀದಿಯ ಬಾಗಿಲನ್ನು ಮುಚ್ಚಿ, ಅಗುಳಿ ಹಾಕಿ, ನೆರೆಮನೆಯವರ ಕಿವಿಗೆ ಬೀಳದಂತೆ ದನಿಯನ್ನು ಕುಗ್ಗಿಸಿಕೊಂಡು ಪ್ರಾರ್ಥಿಸುವರು. ಇವರನ್ನು ನಾನು ಹಳಿಯುವದಿಲ್ಲ. ಒಂದೇ ಕಾಲುವೆಯ ನೀರಿನಿಂದ ಗದ್ದೆಯನ್ನು ನಡಸಿ, ನಾಟಿ ಕುಯಿಲುಗಳಲ್ಲಿ ಒಬ್ಬರಿಗೊಬ್ಬರು ಆಳಾಗಿ ನಡೆಯುವ ಹಳ್ಳಿಯಲ್ಲಿ ನೆರೆಯವರ ನಗೆಯು ಸಣ್ಣ ಹೊರೆಯಲ್ಲ.

ಇದನ್ನು ಬರೆಯುವ ನಾನೂ ಕುಂದಿಲ್ಲದವನಲ್ಲ. ಸೆಮಿನರಿಯಲ್ಲಿ ಕಲಿತವನಾದ್ದರಿಂದ ದೇವಾಲಯದಲ್ಲಿ ಎದ್ದುನಿಂತು ಕಾಲು ಗಂಟೆಯ ವರೆಗೂ ತಡವರಿಸದೆ ಪ್ರಾರ್ಥಿಸಬಲ್ಲೆನು. ಆದರೆ ಒಂದು ಸುಗ್ಗಿಯ ಕಾಲದಲ್ಲಿ, ಹಳ್ಳಿಯಿಂದ ಹಳ್ಳಿಗೆ ತಿರುಗಿ ರಾತ್ರಿ ಬಹಳ ಹೊತ್ತಾದ ಮೇಲೆ ಮನೆ ಸೇರುತ್ತಿದ್ದ ದಿನಗಳಲ್ಲಿ, ನನ್ನ ಸ್ವಂತ ಮನೆಯಲ್ಲಿ ಮೂರು ವಾರಗಳ ವರೆಗೆ ಪ್ರಾರ್ಥನೆಯೇ ನಡೆಯಲಿಲ್ಲ. ಅಪ್ಪನು ಬೇರೆಯವರ ಮನೆಗಳಲ್ಲಿ ಮಾತ್ರ ಪ್ರಾರ್ಥಿಸುವದೇಕೆಂದು ನನ್ನ ಕಿರಿಯ ಮಗಳು ತನ್ನ ತಾಯಿಯನ್ನು ಕೇಳಿದ್ದು ನನ್ನ ಕಿವಿಗೆ ಬಿತ್ತು. ಆ ರಾತ್ರಿ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ. ಆಗ ನೆನಪಿಗೆ ಬಂದದ್ದು ಪಂಡಿತಾ ರಮಾಬಾಯಿಯವರ ಚರಿತ್ರೆ. ಅದನ್ನು ನಾನು ಸೆಮಿನರಿಯಲ್ಲಿ ಓದಿದ್ದೆನು. ಆದರೆ ಒಬ್ಬ ದೊಡ್ಡ ವಿದುಷಿಯ ಚರಿತ್ರೆಯೆಂದು ಓದಿದ್ದೆನೇ ಹೊರತು ಒಂದು ಮನೆಯ ಚರಿತ್ರೆಯೆಂದು ಓದಿರಲಿಲ್ಲ. ಈಗ ಅದನ್ನು ನಿಮಗೆ ಹೇಳುವೆನು.

ರಮಾಬಾಯಿಯು ಮಹಾರಾಷ್ಟ್ರದವಳೆಂದು ಅನೇಕರು ಎಣಿಸುವರು. ಆಕೆಯ ಮಾತೃಭಾಷೆಯು ಮರಾಠಿಯೇ ನಿಜ. ಆದರೆ ಆಕೆ ಹುಟ್ಟಿದ್ದು ನಮ್ಮ ಕನ್ನಡ ಸೀಮೆಯಲ್ಲಿ. ತಂದೆಯಾದ ಅನಂತ ಶಾಸ್ತ್ರಿ ಡೋಂಗ್ರೆ ಎಂಬವನು ಕಾರ್ಕಳದ ಸೀಮೆಯಲ್ಲಿ ಘಟ್ಟದ ಬುಡದಲ್ಲಿರುವ ಮಾಳ ಎಂಬ ಗ್ರಾಮದ ಬ್ರಾಹ್ಮಣನು. ಯೌವನದಲ್ಲಿ ಪುಣೆಗೆ ಹೋಗಿ ಸಂಸ್ಕೃತವನ್ನು ಕಲಿತನು. ಆಮೇಲೆ ನಮ್ಮ ಮೈಸೂರಿನ ಅರಸರ ಆಸ್ಥಾನದಲ್ಲಿಯೂ ಕೆಲವು ವರ್ಷ ಇದ್ದು ಗೌರವ ಧನಗಳನ್ನು ಹೊಂದಿದನು. ಪುಣೆಯಲ್ಲಿದ್ದಾಗ ಆತನ ಗುರುವು ಪೇಶವೆಯ ಅರಮನೆಯಲ್ಲಿ ಒಬ್ಬ ರಾಣಿಗೆ ಸಂಸ್ಕೃತವನ್ನು ಹೇಳಿಕೊಡುವದನ್ನು ಕಂಡು, ಸ್ತ್ರೀಯರೂ ಈ ವಿದ್ಯೆಯನ್ನು ಕಲಿಯಬಹುದೆಂದು ನಿಶ್ಚಯಿಸಿಕೊಂಡಿದ್ದನು. ಆ ಕಾಲಕ್ಕೆ ಇದು ಬಹು ದೊಡ್ಡ ಅಪರಾಧವಾಗಿತ್ತು. ಮೊದಲನೆಯ ಹೆಂಡತಿಯು ತೀರಿದ ಮೇಲೆ ಮದುವೆಯಾದ ಲಕ್ಷ್ಮೀಬಾಯಿಗೆ ಆತನು ಓದು ಕಲಿಸತೊಡಗಿದಾಗ ಜಾತಿಯವರು ಗದ್ದಲವೆಬ್ಬಿಸಿದರು. ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು, ಇದು ಶಾಸ್ತ್ರಕ್ಕೆ ವಿರೋಧವಲ್ಲವೆಂದು ಗ್ರಂಥಗಳಿಂದಲೇ ತೋರಿಸಬೇಕಾಯಿತು. ಕಡೆಗೆ ಊರಿನ ತಂಟೆಯೇ ಬೇಡವೆಂದು ಹೆಂಡತಿಯನ್ನು ಕರೆದುಕೊಂಡು ಘಟ್ಟದ ಮೇಲಿರುವ ಗಂಗಾಮೂಲದ ಕಾಡನ್ನು ಸೇರಿದನು. ಈಗಿನ ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದ ಬೆಟ್ಟಗಳಲ್ಲಿರುವ ಆ ಸ್ಥಳದಲ್ಲಿಯೇ ತುಂಗಾ, ಭದ್ರಾ, ನೇತ್ರಾವತಿ ಈ ಮೂರು ನದಿಗಳು ಹುಟ್ಟುವವು. ಅಲ್ಲಿ 1858ನೆಯ ಇಸವಿ ಏಪ್ರಿಲ್ 23ರಲ್ಲಿ ರಮಾಬಾಯಿಯು ಹುಟ್ಟಿದಳು.

ಮಗುವಿಗೆ ಆರು ತಿಂಗಳಾಗುವಷ್ಟರಲ್ಲಿ, ಅತಿಥಿಗಳಿಗೂ ಶಿಷ್ಯರಿಗೂ ಅನ್ನ ಹಾಕಿ ಹಾಕಿ ಕೈ ಬರಿದಾದ ಆ ಕುಟುಂಬವು ಕಾಡನ್ನು ಬಿಟ್ಟು ಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿ ಮಲಗಿಸಿ, ಆಳೊಬ್ಬನ ತಲೆಯ ಮೇಲೆ ಹೊರಿಸಿಕೊಂಡು ಘಟ್ಟವನ್ನು ಇಳಿದರು. ಅಂದಿನಿಂದ ಅವರಿಗೆ ನಿಂತ ಮನೆಯೆಂಬದು ಇರಲಿಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುವದು, ದೇವಸ್ಥಾನದ ಜಗಲಿಯಲ್ಲಿಯೋ ಮರದ ಕೆಳಗೋ ಕುಳಿತು ಪುರಾಣವನ್ನು ಓದುವದು, ಕೇಳಿದವರು ಕೊಟ್ಟದ್ದರಿಂದ ಹೊಟ್ಟೆ ಹೊರೆಯುವದು, ಇದೇ ಅವರ ಬಾಳು. ಹೀಗಿದ್ದರೂ ಆ ತಾಯಿಯು ಒಂದು ಕ್ರಮವನ್ನು ಬಿಡಲಿಲ್ಲ. ಬೆಳಗಾದರೆ ಅಡಿಗೆ, ಬಟ್ಟೆ, ಪಯಣ ಇವುಗಳಿಂದ ಬಿಡುವಿಲ್ಲದ್ದರಿಂದ, ಹೊತ್ತು ಮೂಡುವ ಮುಂಚೆ ಹಕ್ಕಿಗಳು ಕೂಗುವಾಗ ಮಗಳನ್ನು ಅಪ್ಪಿಕೊಂಡು, ಮುದ್ದುಮಾತಿನಿಂದ ಎಬ್ಬಿಸಿ, ಶ್ಲೋಕಗಳನ್ನು ಬಾಯಿಂದ ಬಾಯಿಗೆ ಕಲಿಸುತ್ತಿದ್ದಳು. ಪುಸ್ತಕವಿಲ್ಲ, ದೀಪವಿಲ್ಲ, ತಾಯಿಯ ದನಿಯೇ ಪಾಠಶಾಲೆ. ಭಾಗವತದ ಸಾವಿರಾರು ಶ್ಲೋಕಗಳು ಆ ಹುಡುಗಿಯ ನಾಲಿಗೆಯ ಮೇಲೆ ನಿಂತದ್ದು ಹೀಗೆ. ಬಹಳ ವರ್ಷಗಳಾದ ಮೇಲೆ ಅಮೇರಿಕದಲ್ಲಿ ತನ್ನ ಹೆಸರುವಾಸಿಯಾದ ಇಂಗ್ಲಿಷ್ ಪುಸ್ತಕವನ್ನು ಅಚ್ಚುಹಾಕಿಸಿದಾಗ ಆಕೆ ಅದನ್ನು ಈ ತಾಯಿಯ ನೆನಪಿಗೇ ಅರ್ಪಿಸಿದಳು.

ಓದುಬರಹವಿಲ್ಲದ ತಾಯಂದಿರು ನಮ್ಮ ಸಭೆಗಳಲ್ಲಿ ಅನೇಕರುಂಟು. ಮಕ್ಕಳಿಗೆ ಏನು ಕಲಿಸಬಲ್ಲೆವೆಂದು ಅವರು ನನ್ನನ್ನು ಕೇಳಿದಾಗಲೆಲ್ಲ ನಾನು ಈ ಹೊತ್ತಾರೆಯ ಪಾಠವನ್ನು ಹೇಳುವದುಂಟು.

1874ರಿಂದ ದೊಡ್ಡ ಕ್ಷಾಮವು ಈ ಕುಟುಂಬವನ್ನು ಹಿಡಿಯಿತು. ತಂದೆಯು ಮುದುಕನಾಗಿ ಕಣ್ಣು ಕಾಣದವನಾಗಿದ್ದನು. ಕೂಲಿಯನ್ನು ಮಾಡಿ ಅರಿಯದವರು, ಬೇಡುವದಕ್ಕೆ ನಾಚಿಕೆ. ಇದ್ದ ಹಣವನ್ನೆಲ್ಲ ದಾನಕ್ಕೂ ವ್ರತಕ್ಕೂ ಸುರಿದು, ಹಗಲಿರುಳು ನಾಮಜಪ ಮಾಡುತ್ತಾ ಕಾದರು. ಕೊನೆಗೆ ಪಾತ್ರೆ, ಬಟ್ಟೆ, ಆಭರಣಗಳೂ ಹೋದವು. ಕಾಡಿನ ಎಲೆಗಳನ್ನು ತಿಂದು ದಿನಗಳನ್ನು ಕಳೆದರು. ಅವರ ಭಕ್ತಿಯು ಸುಳ್ಳಾಗಿತ್ತೆಂದು ನಾನು ಹೇಳಲಾರೆನು. ನಮ್ಮಲ್ಲಿ ಎಷ್ಟು ಮಂದಿ ಹಸಿದ ಹೊಟ್ಟೆಯಲ್ಲಿ ಅಷ್ಟು ಕಾಲ ದೇವರನ್ನು ಕೂಗುವೆವು? ತಂದೆಯು ಸಾಯುವದಕ್ಕೆ ಮುಂಚೆ ಕಿರಿಯ ಮಗಳನ್ನು ಹತ್ತಿರ ಕರೆದು ತೋಳುಗಳಲ್ಲಿ ಹಿಡಿದುಕೊಂಡು, ತಾನು ಆಕೆಯನ್ನು ದೇವರ ಕೈಗೆ ಕೊಟ್ಟಿರುವೆನೆಂದೂ, ಆಕೆ ಆತನವಳಾಗಿಯೇ ಇದ್ದು ಬಾಳೆಲ್ಲಾ ಆತನನ್ನೇ ಸೇವಿಸಬೇಕೆಂದೂ ಹೇಳಿದನು. ಆ ಮುದುಕನಿಗೆ ಕ್ರಿಸ್ತನ ಹೆಸರು ತಿಳಿಯದು. ಆದರೂ ತನ್ನ ತಂದೆಯು ತನ್ನನ್ನು ಒಪ್ಪಿಸಿಕೊಟ್ಟ ಆ ದೇವರು ಯಾರೆಂಬದನ್ನು ಆಕೆ ಮುಂದೆ ತಿಳಿದುಕೊಂಡಾಗ, ಆ ಕೊನೆಯ ಮಾತನ್ನು ಮರೆಯಲಿಲ್ಲ. ಕೆಲವೇ ವಾರಗಳಲ್ಲಿ ತಾಯಿಯೂ ಸತ್ತಳು. ಶವವನ್ನು ಹೊರುವದಕ್ಕೆ ಜನರು ಸಾಲದೆ ಮಗಳೇ ಒಂದು ಕಡೆ ಹೊರಬೇಕಾಯಿತು. ಆಮೇಲೆ ಅಕ್ಕನೂ ಸತ್ತಳು. ಉಳಿದವರು ರಮಾಬಾಯಿಯೂ ಅಣ್ಣನಾದ ಶ್ರೀನಿವಾಸನೂ ಇಬ್ಬರೇ.

ಈ ಇಬ್ಬರೂ ದೇಶದ ಉದ್ದಗಲಕ್ಕೆ ಸಾವಿರಾರು ಮೈಲಿ ನಡೆದರು. ಝೀಲಂ ನದಿಯ ದಡದಲ್ಲಿ ಹೊದಿಕೆಯಿಲ್ಲದೆ ಚಳಿಯನ್ನು ತಾಳಲಾರದೆ, ಸಮಾಧಿಯಂತೆ ಮರಳಿನಲ್ಲಿ ಕುಳಿ ತೋಡಿ, ಕೊರಳ ವರೆಗೆ ಮರಳನ್ನೇ ಹೊದ್ದುಕೊಂಡು ರಾತ್ರಿ ಕಳೆದದ್ದುಂಟು. 1878ರಲ್ಲಿ ಕಲ್ಕತ್ತೆಗೆ ಬಂದರು. ಅಲ್ಲಿ ಕ್ರೈಸ್ತರು ತಮ್ಮದೊಂದು ಕೂಟಕ್ಕೆ ಇವರನ್ನು ಕರೆದರು. ಹಾಡಾಯಿತು, ಓದಾಯಿತು, ಆಮೇಲೆ ಅಲ್ಲಿದ್ದವರೆಲ್ಲರೂ ತಿರುಗಿ, ತಾವು ಕುಳಿತಿದ್ದ ಕುರ್ಚಿಗಳ ಮುಂದೆ ಮೊಣಕಾಲೂರಿ ಕಣ್ಣು ಮುಚ್ಚಿದರು. ಕ್ರೈಸ್ತರು ಕುರ್ಚಿಗಳನ್ನು ಪೂಜಿಸುವರೆಂದು ಆ ಅಣ್ಣತಂಗಿಯರು ತಿಳಿದುಕೊಂಡರು! ನಗುವ ಮಾತೇ ಸರಿ. ಆದರೆ ನಮ್ಮ ಪ್ರಾರ್ಥನೆಯನ್ನು ದೂರದಿಂದ ನೋಡುವ ನೆರೆಯವನಿಗೆ ಅದು ಏನಾಗಿ ಕಾಣುವದೋ ನಾವು ಎಂದಾದರೂ ಯೋಚಿಸಿದ್ದೇವೋ? ಮುಚ್ಚಿದ ಬಾಗಿಲಿನ ಹಿಂದೆ ನಾವು ಏನು ಮಾಡುವೆವೆಂಬದರ ವಿಷಯವಾಗಿ ಹಳ್ಳಿಗಳಲ್ಲಿ ಹರಡುವ ಕಥೆಗಳನ್ನು ಕೇಳಿದರೆ ಕುರ್ಚಿಯ ಕಥೆಯೇ ಎಷ್ಟೋ ವಾಸಿ.

ಕಲ್ಕತ್ತೆಯ ಪಂಡಿತರು ಆಕೆಯ ವಿದ್ಯೆಯನ್ನು ಪರೀಕ್ಷಿಸಿ ಪಂಡಿತಾ ಎಂತಲೂ ಸರಸ್ವತಿ ಎಂತಲೂ ಬಿರುದುಗಳನ್ನು ಕೊಟ್ಟರು. ಅಂದಿನಿಂದ ಲೋಕವು ಆಕೆಯನ್ನು ಬಹುವಚನದಿಂದ ಕರೆಯಿತು. ನಾವೂ ಹಾಗೆಯೇ ಬರೆಯುವೆವು. 1880ರಲ್ಲಿ ಅಣ್ಣನು ಢಾಕಾದಲ್ಲಿ ತೀರಿಕೊಂಡನು. ಅದೇ ವರ್ಷ ರಮಾಬಾಯಿಯವರು ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಜಾತಿಯನ್ನು ನೋಡದೆ ಮದುವೆಯಾದರು. ಸಿಲ್ಚಾರಿನಲ್ಲಿದ್ದ ಆ ಮನೆಯ ಪುಸ್ತಕಗಳ ನಡುವೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯೊಂದು ಅವರ ಕೈಗೆ ಸಿಕ್ಕಿತು. 1881ರ ಏಪ್ರಿಲಿನಲ್ಲಿ ಮನೋರಮೆಯೆಂಬ ಮಗಳು ಹುಟ್ಟಿದಳು. ಮಗುವಿಗೆ ವರುಷ ತುಂಬುವ ಮೊದಲೇ, 1882ರ ಫೆಬ್ರವರಿಯಲ್ಲಿ, ಗಂಡನು ವಾಂತಿಭೇದಿಯಿಂದ ತೀರಿಹೋದನು. ಇಪ್ಪತ್ತಮೂರು ವರ್ಷದ ವಿಧವೆಯು ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು ಪುಣೆಗೆ ಬಂದರು. ಅಲ್ಲಿಂದ 1883ರಲ್ಲಿ ಇಂಗ್ಲೆಂಡಿಗೆ ಹೋಗಿ, ವಾಂಟೇಜ್ ಎಂಬ ಊರಿನ ಕ್ರೈಸ್ತ ಸಹೋದರಿಯರ ಮಠದಲ್ಲಿದ್ದು, ಅದೇ ವರ್ಷ ಸೆಪ್ಟೆಂಬರ್ 29ರಲ್ಲಿ ಮಗಳೊಂದಿಗೆ ಸ್ನಾನದೀಕ್ಷೆಯನ್ನು ಹೊಂದಿದರು.

ಇಲ್ಲಿಗೆ ಕಥೆ ಮುಗಿಯಿತೆಂದು ನಾವು ಎಣಿಸಬಹುದು. ನಮ್ಮ ಸಭಾಪುಸ್ತಕದಲ್ಲಿ ಹೆಸರು ಬರೆದ ಮೇಲೆ ನಾವೂ ಒಂದು ಗೆರೆ ಎಳೆದು ಬಿಡುತ್ತೇವೆ. ಆದರೆ ರಮಾಬಾಯಿಯವರು ತಮ್ಮ ವಿಷಯದಲ್ಲಿ ತಾವೇ ಮುಂದೆ ತೀರ್ಪು ಹೇಳಿಕೊಂಡರು. ಸ್ನಾನದೀಕ್ಷೆ ಹೊಂದಿದ ಮೇಲೆ ಎಂಟು ವರುಷ ಅವರು ಪ್ರಾರ್ಥನೆಯ ಪುಸ್ತಕದಂತೆ ಪ್ರಾರ್ಥಿಸಿದರು, ದೇವಾಲಯಕ್ಕೆ ಹೋದರು, ಸತ್ಯವೇದವನ್ನು ಓದಿದರು, ಮತವಿಷಯಗಳಲ್ಲಿ ದೊಡ್ಡವರೊಂದಿಗೆ ವಾದಿಸಿದರು. ಅಮೇರಿಕಕ್ಕೆ ಹೋಗಿ ವಿಧವೆಯರಿಗಾಗಿ ಊರೂರು ತಿರುಗಿ ಮಾತಾಡಿದರು. ಇಷ್ಟೆಲ್ಲಾ ಆದರೂ ಮನಸ್ಸಿನ ಒಳಗೆ ಒಂದು ಹಸಿವು ಉಳಿದಿತ್ತು. 1891ರ ಸುಮಾರಿಗೆ ವಿಲಿಯಂ ಹಾಸ್ಲಂ ಎಂಬ ಒಬ್ಬ ಇಂಗ್ಲಿಷ್ ಬೋಧಕನ ಆತ್ಮಚರಿತ್ರೆಯನ್ನು ಓದಿದರು. ಆ ಬೋಧಕನು ವರ್ಷಗಟ್ಟಲೆ ಸಭಾಸೇವೆ ಮಾಡಿದವನು. ಒಂದು ದಿನ ತಾನೇ ಪ್ರಸಂಗ ಮಾಡುತ್ತಿರುವಾಗ ತನ್ನ ಪ್ರಸಂಗವು ತನ್ನ ಹೃದಯಕ್ಕೇ ತಾಕಿ, ಪೀಠದ ಮೇಲೆಯೇ ಹೊಸ ಮನುಷ್ಯನಾದನು. ಇದನ್ನು ಓದಿದ ರಮಾಬಾಯಿಯವರು, ತಮಗೆ ಕ್ರೈಸ್ತ ಮತವು ಸಿಕ್ಕಿತೇ ಹೊರತು ಆ ಮತಕ್ಕೆ ಜೀವವಾದ ಕ್ರಿಸ್ತನು ಸಿಕ್ಕಿರಲಿಲ್ಲವೆಂದು ಕಂಡುಕೊಂಡರು. ವಿದ್ಯೆಯ ಬಲವನ್ನೂ ಪುಣ್ಯದ ಲೆಕ್ಕವನ್ನೂ ಬಿಟ್ಟು, ಇದ್ದ ಹಾಗೆಯೇ ಆತನ ಮುಂದೆ ಬಿದ್ದು ಬೇಡಿಕೊಂಡರು. ಕಲ್ಕತ್ತೆಯ ಪಂಡಿತರನ್ನು ಬೆರಗುಗೊಳಿಸಿದ ನಾಲಿಗೆಗೆ ಆ ದಿನ ಸಂಸ್ಕೃತವು ಬೇಕಾಗಲಿಲ್ಲ.

ಈ ಭಾಗವನ್ನು ಓದುವಾಗಲೆಲ್ಲ ನನಗೆ ಹೆದರಿಕೆಯಾಗುವದು. ಉಪದೇಶಿಗಳಾದ ನಮ್ಮ ನಾಲಿಗೆಯು ಪ್ರಾರ್ಥನೆಯ ಮಾತುಗಳಿಂದ ಸವೆದುಹೋಗಿದೆ. ಎಣ್ಣೆ ಹಾಕಿದ ಗಾಣದಂತೆ ಅದು ಸದ್ದಿಲ್ಲದೆ ತಿರುಗುವದು. ಒಳಗೆ ಎಳ್ಳು ಇದೆಯೋ ಇಲ್ಲವೋ ಯಾರು ನೋಡುವರು? ತೊದಲುತ್ತಾ ನಾಲ್ಕೇ ಮಾತು ಆಡುವ ಮುದುಕಿಯ ಪ್ರಾರ್ಥನೆಯನ್ನು ಕೇಳಿ ನಾನು ನಾಚಿಕೆಪಟ್ಟದ್ದುಂಟು.

ಇನ್ನು ಬಾಗಿಲಿನ ಸಂಗತಿಗೆ ಬರುವೆನು. ಬಾಲವಿಧವೆಯರಿಗೂ ಉಚ್ಚಜಾತಿಯ ಹೆಣ್ಣುಮಕ್ಕಳಿಗೂ ಆಶ್ರಯವಾಗಿ ರಮಾಬಾಯಿಯವರು 1889ರ ಮಾರ್ಚ್ 11ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವೆಂಬ ಶಾಲೆಯನ್ನು ತೆರೆದರು. ಮರುವರ್ಷ ಅದನ್ನು ಪುಣೆಗೆ ಸಾಗಿಸಿದರು. ಹಣವನ್ನು ಕೊಟ್ಟವರು ಅಮೇರಿಕದ ಜನರು. ಶಾಲೆಯಲ್ಲಿ ಯಾವ ಮತವನ್ನೂ ಬೋಧಿಸಬಾರದು, ಹುಡುಗಿಯರು ತಮ್ಮ ತಮ್ಮ ಆಚಾರಗಳನ್ನು ನಡಸಿಕೊಳ್ಳಲಿ ಎಂಬ ಒಪ್ಪಂದವಿತ್ತು. ರಮಾಬಾಯಿಯವರು ಅದನ್ನು ಒಪ್ಪಿದರು. ಆದರೆ ತಾನು ಕ್ರೈಸ್ತಳೆಂಬದನ್ನು ಯಾರಿಂದಲೂ ಮುಚ್ಚಲಿಲ್ಲ. ಪ್ರತಿದಿನವೂ ತಮ್ಮ ಕೋಣೆಯಲ್ಲಿ ಮಗಳಾದ ಮನೋರಮೆಯನ್ನು ಹತ್ತಿರ ಕೂಡಿಸಿಕೊಂಡು ಸತ್ಯವೇದವನ್ನು ಓದಿ ಪ್ರಾರ್ಥಿಸುತ್ತಿದ್ದರು. ಆ ಹೊತ್ತಿನಲ್ಲಿ ಕೋಣೆಯ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಬೇರೆ ಹೊತ್ತಿನಲ್ಲಿಯೂ ಆ ಬಾಗಿಲು ಮುಚ್ಚಿರುತ್ತಿರಲಿಲ್ಲ. ತಲೆನೋವು ಬಂದವಳು, ಊರಿನ ಕಾಗದ ಬಂದವಳು, ಕಾಗದ ಬಾರದವಳು, ಎಲ್ಲರೂ ತಾಯಿಯ ಕೋಣೆಗೆ ಹೋಗುವಂತೆ ಅಲ್ಲಿಗೆ ಹೋಗಿ ಬರುತ್ತಿದ್ದರು. ಹೀಗಿರಲಾಗಿ ಕೆಲವು ಹುಡುಗಿಯರು ಪ್ರಾರ್ಥನೆಯ ಹೊತ್ತಿನಲ್ಲಿಯೂ ಬಂದು ಸುಮ್ಮನೆ ಕುಳಿತುಕೊಳ್ಳತೊಡಗಿದರು. ಯಾರೂ ಕರೆಯಲಿಲ್ಲ, ಯಾರೂ ಹೊರಡಿಸಲಿಲ್ಲ. ಒಬ್ಬ ತಾಯಿಯು ತನ್ನ ಮಗಳಿಗಾಗಿ ದೇವರೊಂದಿಗೆ ಮಾತಾಡುವದನ್ನು ಅವರು ಕೇಳಿದರು. ಯಾರ ಮನೆಯಲ್ಲಿ ಅವರ ಹೆಸರನ್ನು ಎತ್ತುವದೇ ಅಪಶಕುನವೋ ಅಂಥ ಹುಡುಗಿಯರು ಅವರು.

ಈ ಸುದ್ದಿಯು ಊರಿನಲ್ಲಿ ಹಬ್ಬಿತು. ಪುಣೆಯ ಪತ್ರಿಕೆಗಳು ಉರಿದವು. ನ್ಯಾಯಾಧಿಪತಿ ರಾನಡೆ, ಡಾಕ್ಟರ್ ಭಂಡಾರ್ಕರ್ ಮೊದಲಾಗಿ ಶಾಲೆಗೆ ಸಹಾಯಕರಾಗಿದ್ದ ದೊಡ್ಡ ಮನುಷ್ಯರು 1893ರಲ್ಲಿ ತಮ್ಮ ಸಂಬಂಧವನ್ನು ಬಿಟ್ಟುಬಿಟ್ಟರು. ಅವರನ್ನು ನಾವು ಕೆಟ್ಟವರೆನ್ನಬಾರದು; ಅವರು ಹೆಣ್ಣುಮಕ್ಕಳ ಹಿತಕ್ಕಾಗಿ ದುಡಿದವರು. ನಂಬಿ ಕಳುಹಿಸಿದ ಮಕ್ಕಳು ಬೇರೆ ಮತಕ್ಕೆ ಹೋದಾರೆಂದು ಹೆತ್ತವರು ಹೆದರಿದ್ದೂ ಸಹಜವೇ. ನಮ್ಮ ಮಕ್ಕಳ ವಿಷಯದಲ್ಲಿ ನಾವೂ ಹಾಗೆಯೇ ಹೆದರುವೆವು. ಸುಮಾರು ಇಪ್ಪತ್ತು ಇಪ್ಪತ್ತೈದು ಹುಡುಗಿಯರನ್ನು ಪೋಷಕರು ಬಿಡಿಸಿಕೊಂಡು ಹೋದರು. ಅತ್ತುಕೊಂಡು ಗಾಡಿ ಹತ್ತಿದವರೂ ಇದ್ದರು. ತಾವು ಒಂದು ಬಾಗಿಲನ್ನು ಮುಚ್ಚಿಕೊಂಡಿದ್ದರೆ ಈ ಮಕ್ಕಳೆಲ್ಲರೂ ಅಲ್ಲಿಯೇ ಇದ್ದು ಓದು ಕಲಿಯುತ್ತಿದ್ದರೆಂಬದು ರಮಾಬಾಯಿಯವರಿಗೆ ತಿಳಿಯದ್ದಲ್ಲ. ನಾನು ಅವರ ಸ್ಥಾನದಲ್ಲಿದ್ದರೆ ಮುಚ್ಚಿಬಿಡುತ್ತಿದ್ದೆನೇನೋ. ಅದಕ್ಕೆ ಒಳ್ಳೇ ಕಾರಣಗಳನ್ನೂ ಹೇಳುತ್ತಿದ್ದೆನು. ಅವರು ಮುಚ್ಚಲಿಲ್ಲ. ಒಂದು ಹುಡುಗಿಯನ್ನೂ ಬಲವಂತ ಮಾಡಿಲ್ಲವೆಂದೂ, ಆದರೆ ತಮ್ಮ ಸ್ವಂತ ಮನೆಯಲ್ಲಿ ತಮ್ಮ ಮಗಳೊಂದಿಗೆ ಪ್ರಾರ್ಥಿಸುವದನ್ನು ಅಡಗಿಸಿ ಮಾಡುವದಿಲ್ಲವೆಂದೂ ಉತ್ತರಕೊಟ್ಟರು. ಅಮೇರಿಕದವರು ವಿಚಾರಣೆ ಮಾಡಿ ಅವರ ಪಕ್ಷದಲ್ಲಿಯೇ ನಿಂತರು.

ಇಲ್ಲಿ ಒಂದು ಸಂದೇಹವು ನಿಮಗೆ ಹುಟ್ಟಬಹುದು. ಪ್ರಾರ್ಥನೆ ಮಾಡುವಾಗ ಕೋಣೆಗೆ ಹೋಗಿ ಬಾಗಿಲನ್ನು ಮುಚ್ಚಿಕೊಳ್ಳಬೇಕೆಂದು ಕರ್ತನೇ ಬೆಟ್ಟದ ಮೇಲಿನ ಪ್ರಸಂಗದಲ್ಲಿ ಬೋಧಿಸಿದನಲ್ಲವೇ? ನಾನು ಇದನ್ನು ಬಹಳ ಯೋಚಿಸಿದೆನು. ಜನರು ನೋಡಲೆಂದು ಬೀದಿಯ ಮೂಲೆಯಲ್ಲಿ ನಿಂತು ಪ್ರಾರ್ಥಿಸುವವರಿಗೆ ಕರ್ತನು ಆ ಮಾತನ್ನು ಹೇಳಿದನು. ಆತನು ಮುಚ್ಚಿಸಿದ್ದು ಹೊಗಳಿಕೆಯ ಆಶೆ ಒಳಗೆ ಬರುವ ಬಾಗಿಲನ್ನು. ನಮ್ಮ ಹಳ್ಳಿಯಲ್ಲಿ ಪ್ರಾರ್ಥಿಸಿದರೆ ಹೊಗಳುವವರು ಯಾರು? ನಾವು ಮುಚ್ಚುವದು ಹೆದರಿಕೆಯಿಂದ. ಕಾರಣವು ಬೇರೆಯಾದ ಮೇಲೆ ಬಾಗಿಲೂ ಬೇರೆಯೇ. ರಮಾಬಾಯಿಯವರಿಗೆ ಒಬ್ಬರೇ ಪ್ರಾರ್ಥಿಸುವ ಸ್ಥಳವೂ ಇತ್ತು. ಅದನ್ನು ಈಗ ಹೇಳುವೆನು.

1895ರಲ್ಲಿ ಲೋಣಾವಳದ ಕಾಡಿನಲ್ಲಿ ಕ್ರೈಸ್ತರ ಒಂದು ಶಿಬಿರಕೂಟವು ನಡೆಯಿತು. ಕ್ರಿಸ್ತನನ್ನು ನಂಬಿದ ಹದಿನೈದು ಹುಡುಗಿಯರೊಂದಿಗೆ ರಮಾಬಾಯಿಯವರು ಅಲ್ಲಿಗೆ ಹೋದರು. ಒಂದು ದಿನ ಬೆಳಗ್ಗೆ, ತಾಯಿಯು ತಮ್ಮನ್ನು ಎಬ್ಬಿಸುತ್ತಿದ್ದ ಆ ಹೊತ್ತಿನಲ್ಲಿಯೇ ಎದ್ದು, ಒಬ್ಬರೇ ಮರಗಳ ನಡುವೆ ಹೋಗಿ ಆ ಹದಿನೈದು ಮಕ್ಕಳಿಗಾಗಿ ಸ್ತೋತ್ರ 
ಮಾಡಿದರು. ಆಗ ಈ ಸಂಖ್ಯೆಯನ್ನು ಅದರಿಂದಲೇ ಗುಣಿಸಿ ಕೊಡಬೇಕೆಂದು, ಅಂದರೆ 225 ಮಕ್ಕಳನ್ನು ಕೊಡಬೇಕೆಂದು ಬೇಡಿದರು. ಅಷ್ಟು ಮಂದಿಗೆ ಅನ್ನ ಹಾಕುವ ದಾರಿಯೇ ಅವರಿಗಿರಲಿಲ್ಲ. ಮರುವರ್ಷದ ಕೊನೆಗೆ ಮಧ್ಯಪ್ರಾಂತ್ಯದಲ್ಲಿ ಕ್ಷಾಮ ಬಿದ್ದಿತು. ಎಲೆ ತಿಂದು ಬದುಕಿದವರಿಗೆ ಕ್ಷಾಮವೆಂದರೆ ಪತ್ರಿಕೆಯ ಸುದ್ದಿಯಲ್ಲ. ಅವರು ತಾವೇ ಅಲ್ಲಿಗೆ ಹೋಗಿ, ಗಂಜಿಕೇಂದ್ರಗಳಲ್ಲಿಯೂ ಮರದಡಿಯಲ್ಲಿಯೂ ಬಿದ್ದಿದ್ದ ಅನಾಥ ಹುಡುಗಿಯರನ್ನು ಗಾಡಿಯಲ್ಲಿಯೂ ರೈಲಿನಲ್ಲಿಯೂ ಕರೆತಂದರು. ಬೇಡಿದ ಲೆಕ್ಕಕ್ಕಿಂತ ಹೆಚ್ಚು ಮಂದಿ ಬಂದರು. ದೇವರು ಕ್ಷಾಮವನ್ನು ಕಳುಹಿಸಿ ಲೆಕ್ಕ ತುಂಬಿಸಿದನೆಂದು ನಾನು ಹೇಳುವದಿಲ್ಲ, ಹಾಗೆ ಹೇಳುವವರ ಮಾತು ನನಗೆ ರುಚಿಸುವದೂ ಇಲ್ಲ. ಬೇಡಿಕೊಂಡವರ ಕಾಲುಗಳು ತಾವು ಬೇಡಿದ್ದರ ಕಡೆಗೆ ನಡೆದವು ಎಂಬಷ್ಟನ್ನು ನಾನು ಬಲ್ಲೆನು.

ಆಗ ಪುಣೆಯಲ್ಲಿ ಪ್ಲೇಗು ಇದ್ದದ್ದರಿಂದ ಅಷ್ಟು ಮಕ್ಕಳನ್ನು ಅಲ್ಲಿ ಇಟ್ಟುಕೊಳ್ಳಬಾರದೆಂದು ಸರಕಾರದವರು ಅಪ್ಪಣೆ ಮಾಡಿದರು. ಪುಣೆಯಿಂದ ಸುಮಾರು 40 ಮೈಲಿ ದೂರದ ಕೇಡಗಾಂವಿನಲ್ಲಿ ರಮಾಬಾಯಿಯವರು ಮೊದಲೇ ಕೊಂಡಿದ್ದ ನೂರು ಎಕರೆಯ ಹೊಲವಿತ್ತು. ಎಲ್ಲರೂ ಅಲ್ಲಿಗೆ ಹೋಗಿ ಡೇರೆಗಳಲ್ಲಿಯೂ ಗುಡಿಸಲುಗಳಲ್ಲಿಯೂ ಇಳಿದರು. ಆ ಸ್ಥಳಕ್ಕೆ ಮುಕ್ತಿ ಎಂಬ ಹೆಸರಾಯಿತು. 1900ರ ಗುಜರಾತಿನ ಕ್ಷಾಮವಾದ ಮೇಲೆ ಅಲ್ಲಿ ಸುಮಾರು ಎರಡು ಸಾವಿರ ಮಂದಿ ಇದ್ದರು. ಕೂಸುಗಳು, ಕುರುಡಿಯರು, ಮುದುಕಿಯರು, ಯಾವ ಜಾತಿಯವರೂ ಸರಿ. ನೇಯ್ಗೆ, ಎಣ್ಣೆ ಗಾಣ, ತೋಟ, ಹಾಲುಮನೆ, ಅಚ್ಚುಕೂಟ ಎಲ್ಲವನ್ನೂ ಹೆಂಗಸರೇ ನಡಸುತ್ತಿದ್ದರು. ಮಳೆ ಬಾರದ ಒಂದು ವರುಷ ಬಾವಿಗಳು ಸಂಜೆಯ ವೇಳೆಗೆ ತಳ ಕಾಣುತ್ತಿದ್ದವೆಂದೂ, ಎಲ್ಲರೂ ಪ್ರಾರ್ಥಿಸಿ ಮಲಗಿದ ಮೇಲೆ ಬೆಳಗಿಗೆ ಆ ದಿನಕ್ಕೆ ಸಾಲುವಷ್ಟು ನೀರು ಊರಿರುತ್ತಿತ್ತೆಂದೂ ಅಲ್ಲಿದ್ದವರು ಬರೆದಿರುವರು. ಬಾವಿ ತೋಡಿದವರಿಗೆ ಇದರಲ್ಲಿ ಬೆರಗೇನೂ ಕಾಣದಿರಬಹುದು. ರಾತ್ರಿಯಲ್ಲಿ ಸೆಲೆ ಊರುವದುಂಟು. ಆದರೆ ಸಾವಿರ ಬಾಯಿಗಳಿಗೆ ನಾಳೆಯ ನೀರಿಲ್ಲದೆ ಮಲಗಿದವರಿಗೆ ಆ ಬೆಳಗು ಏನಾಗಿತ್ತೆಂಬದು ಬೇರೆ ಮಾತು.

1905ರ ಜನವರಿಯಲ್ಲಿ ರಮಾಬಾಯಿಯವರು, ಪ್ರತಿದಿನ ಮುಂಜಾನೆ ತಮ್ಮೊಂದಿಗೆ ಕೂಡಿ ದೇಶದ ಕ್ರೈಸ್ತರಿಗಾಗಿ ಪ್ರಾರ್ಥಿಸಲು ಮನಸ್ಸುಳ್ಳವರು ಬರಲೆಂದು ಹೇಳಿದರು. ಎಪ್ಪತ್ತು ಮಂದಿ ಬಂದರು. ಜೂನ್ ತಿಂಗಳಲ್ಲಿ ಅವರ ಸಂಖ್ಯೆಯು 550 ಆಗಿ, ದಿನಕ್ಕೆ ಎರಡು ಸಾರಿ ಕೂಡುತ್ತಿದ್ದರು. ಆ ತಿಂಗಳ ಕೊನೆಯಲ್ಲಿ ಒಂದು ರಾತ್ರಿ ಒಬ್ಬ ಹುಡುಗಿಯು ಮೈಯೆಲ್ಲಾ ಬೆಂಕಿ ತಗಲಿದವಳಂತೆ ಎದ್ದು ಪ್ರಾರ್ಥಿಸತೊಡಗಿದಳು. ಜೊತೆಯವಳೊಬ್ಬಳು ನಿಜವಾದ ಬೆಂಕಿಯೆಂದು ತಿಳಿದು ನೀರಿನ ಕೊಡವನ್ನು ತರಲು ಓಡಿದಳು. ಅಲ್ಲಿಂದ ಮುಂದೆ ಅಳುವಿಕೆ, ಪಾಪದ ಅರಿಕೆ, ಹಾಡು, ಗಟ್ಟಿಯಾದ ಪ್ರಾರ್ಥನೆಗಳು ದಿನಗಟ್ಟಲೆ ನಡೆದವು. ಇದನ್ನು ಉಜ್ಜೀವನವೆಂದು ಲೋಕದ ಸಭೆಗಳೆಲ್ಲ ಕೊಂಡಾಡಿದವು, ಸಂದೇಹಪಟ್ಟವರೂ ಇದ್ದರು. ಆ ಗದ್ದಲವನ್ನು ನಮ್ಮ ಹಳ್ಳಿಗಳಲ್ಲಿಯೂ ಎಬ್ಬಿಸಬೇಕೆಂದು ಕೆಲವರಿಗೆ ಆಶೆ. ನಾನು ಅವರಿಗೆ ಹೇಳುವದೇನಂದರೆ, ಜೂನಿನ ಬೆಂಕಿಗಿಂತ ಮುಂಚೆ ಜನವರಿಯಿಂದ ಆರು ತಿಂಗಳ ಮುಂಜಾನೆಗಳು ಇದ್ದವು; ಆ ಹೆಂಗಸರು ಮೊಣಕಾಲಿನಿಂದ ಎದ್ದು ನೇರವಾಗಿ ಬೀಸುವ ಕಲ್ಲಿನ ಮುಂದೆ ಕುಳಿತುಕೊಳ್ಳುತ್ತಿದ್ದರು. ರಮಾಬಾಯಿಯವರಿಗೋ ಬಹು ವರ್ಷಗಳಿಂದ ಕಿವಿ ಮಂದವಾಗಿತ್ತು. ಸುತ್ತಲೂ ನೂರಾರು ದನಿಗಳು ಏಳುತ್ತಿರುವಾಗ ಅವರು ತಮ್ಮ ಮೌನದಲ್ಲಿ ತಮ್ಮ ಪ್ರಾರ್ಥನೆಯನ್ನು ಮಾಡುತ್ತಿದ್ದರೆಂದು ನಾನು ಎಣಿಸುವೆನು.

ತೆರೆದ ಬಾಗಿಲಿನ ಕೋಣೆಯಲ್ಲಿ ತಾಯಿಯ ಪಕ್ಕದಲ್ಲಿ ಕುಳಿತ ಮನೋರಮೆಯು ಅಮೇರಿಕದಲ್ಲಿ ಓದಿ ಬಂದು ಮುಕ್ತಿಯ ಶಾಲೆಗಳ ಭಾರವನ್ನು ಹೊತ್ತಳು. ಅಂದು ನಿಜಾಮರ ರಾಜ್ಯದಲ್ಲಿದ್ದ ಗುಲ್ಬರ್ಗದಲ್ಲಿ, ಈಗಿನ ಕಲಬುರಗಿಯಲ್ಲಿ, ಒಂದು ಶಾಲೆಯನ್ನು ಸ್ಥಾಪಿಸುವದಕ್ಕೂ ಆಕೆಯೇ ದುಡಿದಳು. ಹೀಗೆ ಆ ಕೋಣೆಯ ಪ್ರಾರ್ಥನೆಯ ಫಲವು ಕನ್ನಡ ಸೀಮೆಗೂ ತಿರುಗಿ ಬಂತು. ತಾಯಿಯ ತರುವಾಯ ಮುಕ್ತಿಯನ್ನು ನಡಸುವವಳು ಈಕೆಯೇ ಎಂದು ಎಲ್ಲರೂ ಎಣಿಸಿದ್ದರು. ಆದರೆ 1921ರ ಜುಲೈ 24ರಲ್ಲಿ, ನಲ್ವತ್ತು ವರ್ಷದವಳಾಗಿದ್ದಾಗ, ಮನೋರಮೆಯು ತೀರಿಕೊಂಡಳು. ಕ್ಷಾಮದಲ್ಲಿ ತಂದೆ ತಾಯಿಯನ್ನೂ ಅಕ್ಕನನ್ನೂ, ಆಮೇಲೆ ಅಣ್ಣನನ್ನೂ ಗಂಡನನ್ನೂ ಕಳುಹಿಸಿಕೊಟ್ಟ ಹೆಂಗಸಿಗೆ ಇದ್ದ ಒಂದೇ ರಕ್ತಸಂಬಂಧವು ಅದು.

ಆ ದುಃಖದಲ್ಲಿಯೂ ರಮಾಬಾಯಿಯವರು ಕೈಯಲ್ಲಿದ್ದ ಕೆಲಸವನ್ನು ಬಿಡಲಿಲ್ಲ. ಹಳ್ಳಿಯ ಹೆಂಗಸರಿಗೆ ತಿಳಿಯುವಂಥ ಸುಲಭವಾದ ಮರಾಠಿಯಲ್ಲಿ ಸತ್ಯವೇದವಿರಬೇಕೆಂದು, ವಯಸ್ಸಾದ ಮೇಲೆ ಇಬ್ರಿಯ ಗ್ರೀಕ್ ಭಾಷೆಗಳನ್ನು ಅಭ್ಯಾಸಮಾಡಿ, ಅನೇಕ ವರ್ಷಗಳಿಂದ ಅದನ್ನು ಭಾಷಾಂತರಿಸುತ್ತಿದ್ದರು. ಕಟ್ಟಕಡೆಗೆ ಮೈಯಲ್ಲಿ ಶಕ್ತಿಯು ಉಡುಗಿದಾಗ, ಉಳಿದ ಕರಡುಗಳನ್ನು ತಿದ್ದಿ ಮುಗಿಸುವದಕ್ಕೆ ಇನ್ನು ಹತ್ತು ದಿನಗಳನ್ನು ಕೊಡಬೇಕೆಂದು ದೇವರನ್ನು ಬೇಡಿದರೆಂದು ಹೇಳಿಕೆ ಉಂಟು. ಕರಡುಗಳು ಮುಗಿದವು. 1922ನೆಯ ಇಸವಿ ಏಪ್ರಿಲ್ 5ರಲ್ಲಿ ಅವರು ನಿದ್ರೆಯಲ್ಲಿಯೇ ತೀರಿಕೊಂಡರು. ಅವರು ಸಾಕಿದ ಹೆಂಗಸರು ಮುಕ್ತಿಯ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿ ಅಚ್ಚುಹಾಕಿದ ಆ ಸತ್ಯವೇದವು 1924ರಲ್ಲಿ ಹೊರಬಂದಿತು.